ಬಾಯಮ್ಮ ಹೊಯ್ಯದ ನೀರು

ರಾಮಕುಂಜದ ಕಡೆಯ ಕಾರ್ಮಿನ್ ಬಾಯಮ್ಮನಿಗೆ ಬೈಬಲ್ಲಿನ ದೊಡ್ಡ ಮನುಷ್ಯರಿಗಿಂತ ಅವರ ಹೆಂಡತಿಯರ ಮೇಲೆಯೇ ಹೆಚ್ಚು ಅಕ್ಕರೆ. ಮೂವತ್ತು ವರ್ಷದಿಂದ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಮಕ್ಕಳಿಗೆ ಧರ್ಮಪಾಠ ಹೇಳುವವರು ಅವರು. ಆಸ್ತಿ, ಮಕ್ಕಳು ಎಲ್ಲ ಕಳೆದುಕೊಂಡ ಯೋಬನ ತಾಳ್ಮೆಯನ್ನು ಎರಡು ಮಾತಿನಲ್ಲಿ ಮುಗಿಸಿ, "ಹತ್ತು ಮಕ್ಕಳು ಸತ್ತದ್ದು ಅವಳಿಗೂ ಅಲ್ವಾ? ಸಂಕಟದಲ್ಲಿ ದೇವರನ್ನು ಬೈದು ಸಾಯಿ ಅಂತ ಗಂಡನಿಗೆ ಒಂದು ಮಾತು ಆಡಿದ್ದಕ್ಕೆ ಇವತ್ತಿನವರೆಗೆ ಬೈಸಿಕೊಳ್ತಾಳೆ ಪಾಪ," ಎಂದು ಅವನ ಹೆಂಡತಿಯ ಪರ ವಕಾಲತ್ತಿಗೆ ನಿಲ್ಲುತ್ತಿದ್ದರು. ಪಾದ್ರಿಗಳು ನಗುತ್ತಿದ್ದರು.

ಯೇಸುವಿನ ವಿಚಾರಣೆ ನಡೆಸಿದ ರೋಮನ್ ಅಧಿಪತಿ ಪಿಲಾತನ ಹೆಂಡತಿಯ ಮೇಲೆ ಮಾತ್ರ ಅವರಿಗೆ ಸಣ್ಣ ಸಿಟ್ಟು. ಯೇಸುವಿನ ವಿಷಯವಾಗಿ ಕೆಟ್ಟ ಕನಸು ಕಂಡ ಅವಳು, ನ್ಯಾಯಪೀಠದಲ್ಲಿದ್ದ ಗಂಡನಿಗೆ ಆ ನೀತಿವಂತನ ತಂಟೆ ಬೇಡವೆಂದು ಹೇಳಿಕಳಿಸಿದಳು. ಅವನೋ, ಇದರ ಪಾಪ ತನಗಿಲ್ಲವೆಂದು ನೀರು ತರಿಸಿ ಎಲ್ಲರೆದುರು ಕೈ ತೊಳೆದುಕೊಂಡು ಯೇಸುವನ್ನು ಶಿಲುಬೆಗೆ ಒಪ್ಪಿಸಿದ. "ಹೇಳಿಕಳಿಸಿದರೆ ಸಾಕಾ? ಎದ್ದು ಹೋಗಬೇಕಿತ್ತು," ಎನ್ನುತ್ತಿದ್ದರು ಬಾಯಮ್ಮ.

ಪಾಠದಲ್ಲಿ ಹೇಳುವುದು ಸುಲಭ. ಎಲ್ಲರೂ ಗೌರವದಿಂದ ಪೊರ್ಬುಗಳು ಎನ್ನುವ ಅವರ ಗಂಡ ಬೆನ್ನ ಅವರೂ ಊರಿನ ಮಟ್ಟಿಗೆ ದೊಡ್ಡ ಕುಳವೇ, ಶಾಲಾ ಸಮಿತಿಯ ಅಧ್ಯಕ್ಷರು. ಕಳೆದ ವರ್ಷ ಶಾಲೆಯ ಬಿಸಿಯೂಟದ ಅಕ್ಕಿ ಎರಡು ಗೋಣಿ ಕಾಣೆಯಾಯಿತು. ಅಡುಗೆಯ ದಮಯಂತಿಯೇ ಕದ್ದಳೆಂದು ಸಮಿತಿಯವರು ಹೇಳಿ, ಅವಳನ್ನು ಕೆಲಸದಿಂದ ತೆಗೆಯಲು ಸಭೆ ಕರೆದರು. ಅಕ್ಕಿ ಹೋದದ್ದು ಸಮಿತಿಯವರೊಬ್ಬರ ಜೀಪಿನಲ್ಲಿ. ಪೊರ್ಬುಗಳು ಅದನ್ನು ಕಣ್ಣಾರೆ ಕಂಡು ಹೆಂಡತಿಗೂ ಹೇಳಿದ್ದರು.

ಸಭೆಯ ದಿನ ಬೆಳಿಗ್ಗೆ ದೋಸೆ ತಿಂದೆದ್ದು, "ಬಾಯಿ ಬಿಟ್ಟರೆ ನನ್ನನ್ನೇ ಇಳಿಸ್ತಾರೆ. ನನಗೆ ಎಂತಕ್ಕೆ ಊರ ಉಸಾಬರಿ?" ಎನ್ನುತ್ತ ಹಿತ್ತಿಲ ಮೆಟ್ಟಿಲಲ್ಲಿ ಕೈ ಚಾಚಿದರು. ಮದುವೆಯ ಮರುದಿನದಿಂದ ಆ ಕೈಗೆ ಚೆಂಬಿನಲ್ಲಿ ನೀರು ಹೊಯ್ಯುವವರು ಬಾಯಮ್ಮ.

ಬಾಯಮ್ಮ ಚೆಂಬು ಕೆಳಗಿಟ್ಟರು. ನಿಜಕ್ಕೂ ಹೆದರಿಕೆಯಾಗಿತ್ತು. "ಇವತ್ತು ನಾನು ಹೊಯ್ಯುದಿಲ್ಲ. ನಳ್ಳಿ ಉಂಟು, ನೀವೇ ತೊಳ್ಕೊಳ್ಳಿ."

"ನಿನಗೂ ಕನಸು ಬಿತ್ತಾ ಕಾರ್ಮಿನ್?"

"ಕನಸೆಂತದ್ದು! ದಮಯಂತಿ ಕದ್ದದ್ದಲ್ಲ ಅಂತ ನಮಗಿಬ್ಬರಿಗೂ ಗೊತ್ತುಂಟು. ನಾನು ಸಭೆಗೆ ಬರ್ತೇನೆ. ನೀವು ಹೇಳದಿದ್ದರೆ ನಾನು ಹೇಳುದು."

ಸಭೆಯಲ್ಲಿ ಅವರು ದಮಯಂತಿಯ ಪಕ್ಕದಲ್ಲೇ ಕೂತರು. ಪೊರ್ಬುಗಳು ಎರಡು ಸಲ ಕೆಮ್ಮಿ ಎದುರಿನ ಕಾಗದಪತ್ರ ತಿರುವತೊಡಗಿದರು. ಬಾಯಮ್ಮ ಎದ್ದು ನಿಂತೇಬಿಟ್ಟರು.

"ಕೂತ್ಕೋ, ನಾನೇ ಹೇಳ್ತೇನೆ," ಎಂದ ಪೊರ್ಬುಗಳು ಜೀಪಿನ ಸಂಗತಿಯನ್ನೆಲ್ಲ ಹೇಳಿದರು.

ದಮಯಂತಿಯ ಕೆಲಸ ಉಳಿಯಿತು. ಸಮಿತಿಯ ಮಾನ ಕಳೆದರೆಂದು ಪೊರ್ಬುಗಳನ್ನು ಮಾತ್ರ ಅಧ್ಯಕ್ಷಗಿರಿಯಿಂದ ಇಳಿಸಿದರು. ಮಧ್ಯಾಹ್ನ ಊಟ ಮುಗಿಸಿ ಅವರು ನಳ್ಳಿಯ ಕಡೆ ಹೊರಟರು. ಮೆಟ್ಟಿಲಲ್ಲಿ ಬಾಯಮ್ಮ ಚೆಂಬು ಹಿಡಿದು ನಿಂತಿದ್ದರು.

"ಇನ್ನು ನೀನು ಅಧ್ಯಕ್ಷರ ಹೆಂಡತಿ ಅಲ್ಲ," ಎಂದರು ಪೊರ್ಬುಗಳು.

"ಸರಿ, ಕೈ ನೀಡಿ," ಎಂದರು ಬಾಯಮ್ಮ.