ರಿಪೇರಿಯಾಗಿಬಿಟ್ಟ ಕಾರು

ಕಳೆದ ಭಾನುವಾರ ಬೆಳಿಗ್ಗೆ ನಮ್ಮವರು ಗ್ರೀಸ್ ಮೆತ್ತಿದ ಹಳೇ ಅಂಗಿ ತೊಟ್ಟು ಹೊರಟರು. ಗೇಟಿನವರೆಗೆ ಹೋದರು. ಅಲ್ಲೇ ನಿಂತರು. ಆಮೇಲೆ ವಾಪಸು ಬಂದು, ಅಂಗಿ ಬಿಚ್ಚಿ, ಪೇಪರ್ ಹಿಡಿದು ಕೂತರು.

"ಎಂತ ಆಯ್ತು? ಹಟ್ಟಿಕೇರಿಗೆ ಹೋಗುದಿಲ್ವಾ?" ಎಂದೆ.

"ಎಂತಕೆ ಹೋಗೂದು? ಕಾರು ಸರಿಯಾಯ್ತಲ್ಲ."

ಹೌದು, ಕಾರು ಸರಿಯಾಗಿದೆ. ಈಗ ನಮ್ಮ ಮನೆಯ ದೊಡ್ಡ ಪ್ರಾಬ್ಲಮ್ಮೇ ಅದು.

ಯಾವ ಕಾರು ಅಂತೀರಾ? ಇಂಗ್ಲೆಂಡಿನದು. ತಲೆಯ ಮೇಲೆ ಸೂರಿಲ್ಲದ, ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಹಳೇ ಸ್ಪೋರ್ಟ್ಸ್ ಕಾರು. (ಕಂಪನಿ ಹೆಸರು ಬರೆಯುವುದಿಲ್ಲ. ಬರೆದರೆ ಕೊಳ್ಳುವವರ ಫೋನು ಶುರುವಾಗುತ್ತದೆ.) ಗೋವೆಯ ಗಣಿಯಲ್ಲಿದ್ದ ಇಂಗ್ಲಿಷ್ ಇಂಜಿನಿಯರೊಬ್ಬ ತನ್ನ ದೇಶಕ್ಕೆ ಮರಳುವಾಗ ಅಲ್ಲೇ ಕೆಲಸಕ್ಕಿದ್ದ ನನ್ನ ಮಾವನಿಗೆ ಕೊಟ್ಟು ಹೋಗಿದ್ದ. ಮಾವ ಓಡಿಸುವಷ್ಟು ಓಡಿಸಿ ಹಟ್ಟಿಕೇರಿ ಮನೆಯ ಶೆಡ್ಡಿನಲ್ಲಿ ನಿಲ್ಲಿಸಿದರು. ಆಮೇಲೆ ಕೋಳಿಗಳು ಮೊಟ್ಟೆ ಇಡುತ್ತಿದ್ದದ್ದು ಅದರ ಸೀಟಿನಲ್ಲೇ.

ಮಾವ ತೀರಿಕೊಂಡ ಮೇಲೆ ಆಸ್ತಿ ಪಾಲಾಯಿತು. ನಮ್ಮವರಿಗೂ ಅವರ ಅಣ್ಣ ಗಣಪತಿ ಭಾವನಿಗೂ ಬಾವಿಯ ವಿಷಯಕ್ಕೆ ಜಗಳವಾಗಿ ಮಾತು ನಿಂತಿತು. ವರ್ಷಗಟ್ಟಲೆ! ಮದುವೆಮನೆಯಲ್ಲಿ ಎದುರಾದರೆ ಒಬ್ಬರು ಪಂಕ್ತಿಗೆ, ಇನ್ನೊಬ್ಬರು ಕೈ ತೊಳೆಯಲು. ಹಟ್ಟಿಕೇರಿ ಮನೆ ಭಾವನಿಗಾಯಿತು, ನಾವು ಕಾರವಾರಕ್ಕೆ ಬಂದೆವು. ಗದ್ದೆ, ತೆಂಗು, ಹಂಡೆ, ತಪ್ಪಲೆ ಎಲ್ಲ ಹಂಚಿಹೋಯಿತು. ಕಾರನ್ನು ಹೇಗೆ ಹಂಚುವುದು? ಪಂಚರು ಅದನ್ನು ಸಾಮಾಯಿಕ ಎಂದರು, ಅಂದರೆ ಇಬ್ಬರದೂ. ಆದರೆ ಅದರ ಸಾಮಾನನ್ನು ಬಿಡಲಿಲ್ಲ ನೋಡಿ. ನಟ್ಟು ತಿರುಗಿಸುವ ಪಾನಾಗಳ ಪೆಟ್ಟಿಗೆ ಭಾವನ ಪಾಲಿಗೆ ಬಂತು, ಜಾಕು ನಮ್ಮ ಪಾಲಿಗೆ.

ಹೋದ ವರ್ಷ ಗುಜರಿಯವನು ಕಾರು ಕೇಳಿಕೊಂಡು ಬಂದ. ಕೊಡುವುದಿಲ್ಲ ಎಂದು ಇಬ್ಬರೂ ಬೇರೆ ಬೇರೆಯಾಗಿ ಹೇಳಿ ಕಳಿಸಿದರು. ಮುಂದಿನ ಭಾನುವಾರ ನಮ್ಮವರು ಜಾಕು ಹೊತ್ತುಕೊಂಡು ಕಾರವಾರದಲ್ಲಿ ಬಸ್ಸು ಹತ್ತಿದರು. ಹೊಡೆದಾಟ ಆದೀತೆಂದು ನಾನೂ ಹಿಂದೆಯೇ ಹೋದೆ. ಆ ಕಾರಿನ ನಟ್ಟುಗಳೆಲ್ಲ ಇಂಚಿನವು, ಈಗಿನ ಅಂಗಡಿಯ ಮಿಲಿಮೀಟರ್ ಪಾನಾ ಅದಕ್ಕೆ ಕೂರುವುದೇ ಇಲ್ಲ. ಭಾವ ಪಾನಾ ಪೆಟ್ಟಿಗೆ ತಂದು ದೂರದಲ್ಲಿಟ್ಟು ನಿಂತರು. ನಡುವೆ ನಾನು.

"ತಂಗಿ, ಜಾಕು ತುಸ ಮೇಲೆ ಮಾಡೂಕೆ ಹೇಳು ಅವ್ನ ಹತ್ರ," ಎಂದರು ಭಾವ.

"ಮೇಲೆ ಮಾಡೇ ಅದೆ, ಕಣ್ಣಿದ್ರೆ ನೋಡೂಕೆ ಹೇಳು," ಎಂದರು ನಮ್ಮವರು.

ಇಬ್ಬರಿಗೂ ನಾಲ್ಕು ಬಿಗಿಯಬೇಕು ಅನಿಸಿತು. ಸಾಕಪ್ಪ ಎಂದು ಒಳಗೆ ಹೋಗಿ ಭಾವನ ಹೆಂಡತಿ ಸಾವಿತ್ರಿ ಅಕ್ಕನ ಜೊತೆ ಬಂಗಡೆ ಸಾರಿಗೆ ಕಾಯಿ ತುರಿಯತೊಡಗಿದೆ. ಸ್ವಲ್ಪ ಹೊತ್ತಿಗೆ ಶೆಡ್ಡಿನಿಂದ ಜಗಳ ಕೇಳಿತು. ಮಧ್ಯಸ್ಥಿಕೆಯಿಲ್ಲದ, ನೇರಾನೇರ ಜಗಳ! ಕಿವಿಗೆ ಎಷ್ಟು ಹಿತವಾಯಿತು ಗೊತ್ತಾ?

ಆಮೇಲೆ ಪ್ರತಿ ಭಾನುವಾರ ಅದೇ. ನಮ್ಮವರಿಗೆ ಎಲ್ಲ ಒರಿಜಿನಲ್ ಬೇಕು, ಭಾವನಿಗೆ ಓಡಿದರೆ ಸಾಕು. ತುಕ್ಕು ತಿಂದ ತಳಕ್ಕೆ ದೋಣಿ ಮಾಡುವವರಿಂದ ಫೈಬರ್ ಹಾಕಿಸಿದರು. ಒರಿಜಿನಲ್ ಡೈನಮೋ ಕಿತ್ತು ಭಾವ ಯಾವುದೋ ವ್ಯಾನಿನ ಆಲ್ಟರ್ನೇಟರ್ ಕೂರಿಸಿದ ದಿನ ನಮ್ಮವರು ಊಟ ಬಿಟ್ಟರು. ("ಆ ಇಂಗ್ಲಿಷಿನವ ಬಂದು ನೋಡ್ತಾನಾ ಮಾರಾಯ? ಉಣ್ಣು ಬಾ," ಎಂದು ಕೈ ಹಿಡಿದು ಎಳೆದುತಂದದ್ದು ಭಾವನೇ.)

ಎಂಜಿನ್ನಿಗೆ ಎರಡು ಕಾರ್ಬುರೇಟರ್. ಎರಡೂ ಒಂದೇ ಸಮ ಗಾಳಿ ಎಳೆಯಬೇಕಂತೆ. ಒಬ್ಬರು ಸಣ್ಣ ಪೈಪು ಕಿವಿಗಿಟ್ಟು ಕೇಳುವುದು, ಇನ್ನೊಬ್ಬರು ಸ್ಕ್ರೂ ತಿರುಗಿಸುವುದು. "ಸಾಕಾ?" "ಇನ್ನೂ ತುಸ." "ಈಗ?" "ಹಾಂ, ಬಂತು, ಬಂತು!" ತಲೆಗೆ ತಲೆ ತಾಗಿಸಿಕೊಂಡು ಬಗ್ಗಿದ ಆ ಇಬ್ಬರನ್ನು ನೋಡಿ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ.

ಕಳೆದ ತಿಂಗಳು ಕಾರು ಓಡಿತು. ಅಣ್ಣ ತಮ್ಮ ಜೊತೆಗೆ ಕೂತು ಅಂಕೋಲೆಯವರೆಗೆ ಹೋಗಿ ಬಂದರು. ಇಳಿದ ಮೇಲೆ ಭಾವ, "ಆಯ್ತಲ್ಲ, ಇನ್ನೇನಿಲ್ಲ" ಎಂದರು. ನಮ್ಮವರೂ "ಹೌದು, ಇನ್ನೇನಿಲ್ಲ" ಎಂದರು. ನಾವು ಬಸ್ಸು ಹತ್ತಿ ಕಾರವಾರಕ್ಕೆ ಬಂದೆವು. ಅಲ್ಲಿಗೆ ಮುಗಿಯಿತು.

ನಮ್ಮ ಕಡೆಯ ಗಂಡಸರು ಮಾತ್ರ ಹೀಗಾ, ಎಲ್ಲ ಕಡೆಯೂ ಹೀಗೆಯಾ? "ಸುಮ್ಮನೆ ಬಂದೆ" ಎನ್ನಲು ಬಾಯಿಯೇ ಬರುವುದಿಲ್ಲ. ಕೈಯಲ್ಲೊಂದು ಕೆಲಸ ಬೇಕು. ಮೊದಲು ಟಿವಿ ಆಂಟೆನಾ ತಿರುಗಿಸಲಿಕ್ಕಾದರೂ ಪಕ್ಕದ ಮನೆಯವರು ಬರುತ್ತಿದ್ದರು. ಒಬ್ಬ ಹಂಚಿನ ಮಾಡಿನ ಮೇಲೆ, ಒಬ್ಬ ಕಿಟಕಿಯಲ್ಲಿ, ಆಮೇಲೆ ಎಲ್ಲರಿಗೂ ಚಹಾ. ಈಗ ಕೇಬಲ್ ಬಂದಿದೆ, ಚಿತ್ರ ನಿಚ್ಚಳವಾಗಿದೆ, ಮನೆಗೆ ಯಾರೂ ಬರುವುದಿಲ್ಲ. ಎಲ್ಲ ಸರಿಯಿದ್ದರೆ ಯಾರಿಗೆ ಯಾರು ಬೇಕು?

ಅಷ್ಟು ವರ್ಷದ ಮೇಲೆ ಬಂದ ಮಾತು ಕಣ್ಣೆದುರೇ ಮತ್ತೆ ಹೋಗುತ್ತಿದೆ. ಹೀಗೇ ಬಿಟ್ಟರೆ ಪುನಃ ಒಬ್ಬರು ಪಂಕ್ತಿಗೆ, ಒಬ್ಬರು ಕೈ ತೊಳೆಯಲು. ಆ ಕಾರು ಇಷ್ಟು ಬೇಗ ಯಾಕಾದರೂ ಸ್ಟಾರ್ಟ್ ಆಯಿತೋ!

ಭಾನುವಾರ ಸಂಜೆ ಅಕ್ಕನಿಗೆ ಫೋನ್ ಮಾಡಿದೆ.

"ನಿನ್ನ ಭಾವ ಬೆಳಿಗ್ಗಿಂದ ಶೆಡ್ಡಲ್ಲೇ ಇದ್ರು ಮಾರಾಯ್ತಿ," ಎಂದಳು. "ಪಾನಾ ಎಲ್ಲ ತೆಗ್ದು ಒರ್ಸುದು, ಇಡುದು. ಮತ್ತೆ ತೆಗಿಯುದು. ತಮ್ಮ ಬರ್ಲಿಲ್ವಾ ಅಂತ ಒಂದ್ಸಲ ಕೇಳಿದ್ರು."

"ಒಂದು ಫೋನ್ ಮಾಡೂಕೆ ಹೇಳ್ಬೇಕಿತ್ತು ಅಕ್ಕ."

"ಹೇಳ್ದೆ. ಎಂತ ಅಂತ ಮಾಡ್ಲಿ, ಕಾರು ಸರಿ ಅದೆಯಲ್ಲ ಅಂದ್ರು."

ಆಮೇಲೆ ಅಕ್ಕನೇ ದನಿ ತಗ್ಗಿಸಿ ಅಂದಳು, "ಬಾನೆಟ್ ಎತ್ತೂಕೆ ನಂಗೆ ಬರ್ತದೆ. ಒಳಗೆ ಎಂತ ಕಿತ್ತು ಇಡ್ಬೇಕು ಹೇಳು."

ಓದುಗರಲ್ಲಿ ಮೆಕ್ಯಾನಿಕ್‌ಗಳೂ ಇದ್ದೀರಲ್ಲ? ಕಾರಿಗೆ ಏಟಾಗಬಾರದು, ಅಣ್ಣ ತಮ್ಮ ಜೊತೆಗೆ ಕೂತು ಜೀವಮಾನವಿಡೀ ಹುಡುಕಿದರೂ ಸಿಗಬಾರದು, ಅಂಥದೊಂದು ಫಾಲ್ಟ್ ಇದ್ದರೆ ಹೇಳಿಕೊಡುತ್ತೀರಾ?