ಮೂರೊಂದನ್ನು ಬಿಟ್ಟು

ನನ್ನ ಸೋದರಮಾವನನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ. ವಯಸ್ಸಾದ ಮೇಲೆ ಎಲ್ಲವೂ ಮಾಗುತ್ತದೆ ಎನ್ನುವವರು ಅವನ ಹತ್ತಿರ ಲೆಕ್ಕ ಹೇಳಿಸಿಕೊಂಡವರಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಕೆಲಮಂಗಲದಿಂದ ಬಸ್ಸಿನಲ್ಲಿ ಹೊಸೂರಿನ ಶಾಲೆಗೆ ಹೋಗಿ ಪ್ಲಸ್ ಟೂ ಓದುತ್ತಿದ್ದೆ. ಅಮ್ಮನ ತಮ್ಮ ಬಿ.ಎಸ್ಸಿ. ಮಾಡಿ ಬಾಗಲೂರಿನಲ್ಲಿ ಟ್ಯೂಷನ್ ಹೇಳುತ್ತಿದ್ದ. ನಮ್ಮ ಕಡೆ ಅಕ್ಕನ ಮಗಳೆಂದರೆ ತಮ್ಮನಿಗೆ ತೊಟ್ಟಿಲಲ್ಲೇ ಗೊತ್ತಾದ ಹೆಣ್ಣು. ನಾನು ಪ್ಲಸ್ ಟೂ ಮುಗಿಸಿ ಕಾಲೇಜಿಗೂ ಹೋಗುತ್ತೇನೆಂದು ಹಟ ಹಿಡಿದಾಗ, ನಮ್ಮ ಜೊತೆಗಿದ್ದ ಅಜ್ಜಿ, ಅಂದರೆ ಅವನ ತಾಯಿ, ತೀರ್ಪು ಕೊಟ್ಟಳು: "ಲೆಕ್ಕದಾಗೆ ಗಟ್ಟಿ ಇದ್ರೆ ಓದ್ಲಿ. ಇಲ್ದಿದ್ರೆ ಯುಗಾದಿ ಕಳೀತಿದ್ದಂಗೆ ಮದ್ವೆ."

ಗಟ್ಟಿಯೋ ಟೊಳ್ಳೋ ನೋಡುವವರು ಯಾರು? ಮನೆಯಲ್ಲಿ ಅಷ್ಟು ಲೆಕ್ಕ ಓದಿದವನು ಅವನೊಬ್ಬನೇ. ಮದುವೆಯಾಗಬೇಕಾದವನನ್ನೇ ಪರೀಕ್ಷೆ ಮಾಡಲು ಕೂರಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಊರವರ ಪಂಚಾಯಿತಿಯಲ್ಲೆಲ್ಲ ಗಾದೆ ಹೇಳುವ ಅಪ್ಪನಿಗೆ ಸ್ವಂತ ಮನೆಯ ಬೇಲಿ ಕಾಣಲಿಲ್ಲ.

ವಾರವಾರ ಊಟಕ್ಕೆ ಬರುತ್ತಿದ್ದವನು ಒಂದು ಭಾನುವಾರ ಪರೀಕ್ಷೆಗೆಂದೇ ಬಂದ. ಒಳಗೆ ಅವರೆಕಾಳಿನ ಸಾರು ಕುದಿಯುತ್ತಿತ್ತು. ಅಜ್ಜಿ, ಅಪ್ಪ, ಅಮ್ಮ ನಡುಮನೆಯಲ್ಲಿ ಕೂತರು. ಅವನು ಕೋಣೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ x ಮೈನಸ್ ಐದರ ವರ್ಗಮೂಲ ಬರೆದು, "ಡೊಮೈನ್ ಹೇಳು" ಅಂದ. ಡೊಮೈನ್ ಎಂದರೆ x ಜಾಗದಲ್ಲಿ ಯಾವ ಯಾವ ಸಂಖ್ಯೆ ಹಾಕಬಹುದು ಅನ್ನುವುದು. ವರ್ಗಮೂಲದೊಳಗೆ ಸೊನ್ನೆಗಿಂತ ಕಡಿಮೆ ಬರಕೂಡದು. "ಐದು, ಇಲ್ಲಾ ಅದಕ್ಕಿಂತ ದೊಡ್ಡವು" ಅಂದೆ. ಅನ್ನದಲ್ಲಿ ಕಲ್ಲು ಸಿಕ್ಕವನಂತೆ ಮುಖ ಮಾಡಿ "ಸರಿ" ಅಂದ.

ಆಮೇಲೆ ಬರೆದ: ಮೇಲೆ x ವರ್ಗ ಮೈನಸ್ ಒಂಬತ್ತು, ಕೆಳಗೆ x ಮೈನಸ್ ಮೂರು.

"ಮೂರೊಂದನ್ನ ಬಿಟ್ಟು ಎಲ್ಲಾ ಹಾಕ್ಬೋದು. ಮೂರು ಹಾಕಿದ್ರೆ ಕೆಳಗೆ ಸೊನ್ನೆ ಬತ್ತದೆ. ಸೊನ್ನೆಯಿಂದ ಭಾಗಿಸೋ ಹಂಗಿಲ್ಲ."

"ತಪ್ಪು" ಅಂದ, ನನಗಲ್ಲ, ಅಜ್ಜಿಗೆ. ಮೇಲಿನದನ್ನು x ಮೈನಸ್ ಮೂರು, x ಪ್ಲಸ್ ಮೂರು ಎಂದು ಒಡೆದು, ಮೇಲೂ ಕೆಳಗೂ ಇದ್ದ x ಮೈನಸ್ ಮೂರನ್ನು ಎರಡು ಗೀಟಿನಲ್ಲಿ ಹೊಡೆದುಹಾಕಿದ. x ಪ್ಲಸ್ ಮೂರು ಮಾತ್ರ ಉಳಿಯಿತು. "ಎಲ್ಲೈತೆ ಸೊನ್ನೆ? ಮೂರೂ ಹಾಕ್ಬೋದು, ಮುನ್ನೂರೂ ಹಾಕ್ಬೋದು."

ಅಪ್ಪ ತಲೆಯಾಡಿಸಿದ. ಚೊಕ್ಕವಾಗಿ ಕಾಣುವುದೆಲ್ಲ ಅಪ್ಪನಿಗೆ ಸರಿಯೇ.

"ಹೊಡೆಯೋಕ್ ಮುಂಚೆ ನೋಡ್ಬೇಕು ಮಾವ. ಮೂರು ಹಾಕಿದ್ರೆ ನೀನ್ ಹೊಡೆದಿದ್ದೇ ಸೊನ್ನೆ."

"ಬಿ.ಎಸ್ಸಿ. ಓದಿರೋದು ನೀನಾ, ನಾನಾ?"

ಅಜ್ಜಿ ನಿಟ್ಟುಸಿರು ಬಿಟ್ಟು, ನಾಳೆ ಅಯ್ನೋರನ್ನು ಕೇಳಿ ಮದುವೆಗೆ ದಿನ ನೋಡಿಸಿ ಎಂದು ಅಪ್ಪನಿಗೆ ಹೇಳಿದಳು. ಅಷ್ಟೇ, ನನ್ನ ಕಾಲೇಜಿನ ಮಾತು ಮುಗಿಯಿತು. ಮಾವ ಸೀಮೆಸುಣ್ಣ ಕೊಡುವ ನೆಪದಲ್ಲಿ ನನ್ನ ಹತ್ತಿರ ಬಗ್ಗಿದ. "ನೀನ್ ಹೇಳಿದ್ದೇ ಸರಿ ಕಣಮ್ಮಿ. ಇಲ್ಲಿ ಯಾರಿಗ್ ಗೊತ್ತಾಯ್ತದೆ?" ಎಂದು ಪಿಸುಗುಟ್ಟಿ ನಕ್ಕ.

ಆ ಸೀಮೆಸುಣ್ಣವನ್ನು ಅವನ ಬಾಯಿಗೇ ತುರುಕಬೇಕು ಅನ್ನಿಸಿತು. ಅದರ ಬದಲು ಅವನು ಅಂದದ್ದನ್ನೇ, ಒಂದು ಮಾತೂ ಬಿಡದೆ, ಬೀದಿಗೆ ಕೇಳುವಂತೆ ಕೂಗಿ ಹೇಳಿದೆ.

"ಸುಳ್ಳು ಬೊಗಳ್ತಾಳೆ" ಅಂದ ಅವನು.

ಅಜ್ಜಿಗೆ x ಗೊತ್ತಿರಲಿಲ್ಲ, ವರ್ಗಮೂಲ ಗೊತ್ತಿರಲಿಲ್ಲ. ಹೆತ್ತ ಮಗ ಗೊತ್ತಿದ್ದ. ಸೆರಗು ಸರಿಸಿ ತಲೆ ಮುಂದೆ ಮಾಡಿದಳು.

"ಬಾರ್ಲಾ ಇಲ್ಲಿ. ನನ್ ತಲೆ ಮ್ಯಾಲೆ ಕೈ ಇಟ್ಟು ಹೇಳು, ಇವಳ್ ಲೆಕ್ಕ ತಪ್ಪು ಅಂತ."

"ಅವ್ವಾ, ಲೆಕ್ಕಕ್ಕೆಲ್ಲಾ ಯಾರಾದ್ರೂ ಆಣೆ ಇಕ್ತಾರಾ?"

"ಇಕ್ಕು."

ಅವನ ಕೈ ಏಳಲಿಲ್ಲ. ಅಜ್ಜಿ ತಲೆ ಎತ್ತಿದಳು. ಆಮೇಲೆ ಸೆರಗು ಹೊದ್ದು ಅಮ್ಮನ ಕಡೆ ತಿರುಗಿದಳು.

"ಮುದ್ದೆ ಇಕ್ಕಮ್ಮಿ ಅವನ್ಗೆ. ಉಂಡ್ಕೊಂಡು ಬಸ್ಸಿಗ್ ಹೋಗ್ಲಿ. ಬರೋ ವಾರ ಬರೋದ್ ಬ್ಯಾಡ."

ಅಮ್ಮ ಬಡಿಸಿದಳು. ನಾನು ಅವನ ಮುಂದೆ ನೀರಿನ ಲೋಟವನ್ನೂ ಇಡಲಿಲ್ಲ. ಚೊಂಬಿಗೆ ಕೆಂಡ ತುಂಬಿಕೊಂಡು ಕೂತು, ಸೋಮವಾರ ಹೊಸೂರಿಗೆ ಉಟ್ಟುಕೊಂಡು ಹೋಗುವ ದಾವಣಿಗೆ ಇಸ್ತ್ರಿ ಹಾಕುತ್ತಿದ್ದೆ.