ಸೂಜಿಯ ಕೆಳಗೆ ಒಂದು ಚಿಪ್ಪು

"ಚಿಪ್ಪು ಕೆರ್ದು ಯಾರ್ ಉದ್ಧಾರ ಆಗವ್ರೆ ಕಣಮ್ಮಿ? ನಿನ್ ಕೈಲಾಗಲ್ಲ ಬುಡು" ಎಂದಿದ್ದು ನುಗ್ಗೇಹಳ್ಳಿಯ ನನ್ನ ಭಾವ. ಹಟಕ್ಕೆ ಬಿದ್ದು ತೆಂಗಿನ ಚಿಪ್ಪಿನ ಬಟ್ಟಲು ಮಾಡಿ ಮಾರತೊಡಗಿದೆ. ವಾರ್ನಿಷ್ ಇಲ್ಲ, ಕೊಬ್ಬರಿ ಎಣ್ಣೆ ಹಚ್ಚಿ ಬರಿಗೈಯಲ್ಲಿ ಉಜ್ಜುವುದಷ್ಟೇ.

ಒಮ್ಮೆ ದೊಡ್ಡ ವ್ಯಾಪಾರಿಯೊಬ್ಬ, ಪ್ಲಾಸ್ಟಿಕ್ ಲೇಪವಿಲ್ಲದೆ ಇಷ್ಟು ಹೊಳಪು ಬರುವುದಿಲ್ಲ, ಮಾಲೆಲ್ಲ ವಾಪಸು ಕಳಿಸುತ್ತೇನೆ ಎಂದು ಹೆದರಿಸಿದ. ನಾನೇ ಬಟ್ಟಲು ಹಿಡಿದು ಹಾಸನದ ಪ್ರಯೋಗಾಲಯವೊಂದಕ್ಕೆ ಹೋದೆ.

ಅಲ್ಲಿದ್ದ ಹುಡುಗಿ ಚಿಪ್ಪಿನ ಚೂರೊಂದನ್ನು ಕಣ್ಣಿಗೆ ಕಾಣದಷ್ಟು ಚೂಪಾದ ಸೂಜಿಯ ಕೆಳಗಿಟ್ಟಳು. ಅವಗೆಂಪು, ಅಂದರೆ ಇನ್ಫ್ರಾರೆಡ್ ಬೆಳಕು ಬಿದ್ದಾಗ ಒಂದೊಂದು ವಸ್ತುವೂ ಒಂದೊಂದು ರೀತಿ ಉಬ್ಬುತ್ತದಂತೆ; ಸೂಜಿ ಅದನ್ನು ತಡವಿ ಗುರುತಿಸುತ್ತದಂತೆ. ಪರದೆಯ ಮೇಲೆ ಗುಡ್ಡ, ಹಳ್ಳ, ಜನರೇ ಇಲ್ಲದ ಊರಿನಂಥದ್ದು ನಿಧಾನವಾಗಿ ಮೂಡಿತು.

"ಪ್ಲಾಸ್ಟಿಕ್ ಇಲ್ಲ ಅಕ್ಕ" ಎಂದವಳು ಕೆಲವು ಮಚ್ಚೆಗಳನ್ನು ತೋರಿಸಿ ದನಿ ತಗ್ಗಿಸಿದಳು. "ಆದ್ರೆ ಇದು ಎಣ್ಣೆ ಅಲ್ಲ, ಚಿಪ್ಪೂ ಅಲ್ಲ. ಪ್ರೋಟೀನು. ಎಣ್ಣೆ ಪದರದ ಒಳಗಿದೆ."

"ಅಂಗಂದ್ರೆ?"

"ನಿಮ್ ಕೈ ತೋರ್ಸಿ."

ಅಂಗೈ ನೋಡಿದಳು, ಪರದೆ ನೋಡಿದಳು. "ಚರ್ಮ ಅಕ್ಕ. ನಿಮ್ದೇ ಇರ್ಬೇಕು."

ಮಾರಿದ ಬಟ್ಟಲುಗಳೆಲ್ಲ ನೆನಪಾದವು. ಯಾರ್ಯಾರದೋ ಮನೆಯಲ್ಲಿ, ಯಾರ್ಯಾರದೋ ತುಟಿಯ ಹತ್ತಿರ, ನಾನು.

"ವ್ಯಾಪಾರಿಗೆ ಏನಂತ ಬರೀಲಿ?" ಹುಡುಗಿ ಕೇಳಿದಳು.

"ಅವ್ನು ಕೇಳಿದ್ದು ಪ್ಲಾಸ್ಟಿಕ್ಕು ಕಣವ್ವ. ಅಷ್ಟುಕ್ಕೇ ಉತ್ರ ಬರಿ."

ಮಾಲು ವಾಪಸು ಬರಲಿಲ್ಲ. ಈಗ ಚನ್ನರಾಯಪಟ್ಟಣದಲ್ಲಿ ನನ್ನದೇ ಶೆಡ್ಡಿದೆ, ಉಜ್ಜುವ ಯಂತ್ರಗಳಿವೆ. ಬೆರಳ ಗೆರೆಗಳು ಮಾತ್ರ ಉಳಿದಿಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಅಲ್ಲಿನ ಯಂತ್ರ ನನ್ನನ್ನು ನಾನಲ್ಲ ಎನ್ನುತ್ತದೆ.